ದೀನತೆ

ದಿನಬಳಕೆಯಲ್ಲಿ ‘ದೀನ’ ಎಂದರೆ ಗತಿಯಿಲ್ಲದವನು, ಕಂಗೆಟ್ಟವನು. ಸಂಸ್ಕೃತದಿಂದ ಬಂದ ಪದ. ಅಲ್ಲಿಯೂ ಬಡತನ, ಸಂಕಟಗಳದೇ ಅರ್ಥ. ಕನ್ನಡ ಬೈಬಲಿನ ‘ದೀನಮನಸ್ಸು’ ಮಾತ್ರ ಯಾರೋ ಹೇರಿದ ಸ್ಥಿತಿಯಲ್ಲ, ತಾನಾಗಿ ಆರಿಸಿಕೊಂಡದ್ದು. ಮೂಲದ ಗ್ರೀಕ್ ಪದ ‘ತಪೈನೊಸ್’ ಕೂಡ ಇದೇ ಹಾದಿಯಲ್ಲಿ ಬಂದಿದೆ. ಹಳೆಯ ಗ್ರೀಕರ ಬಾಯಲ್ಲಿ ಅದು ಹೆಚ್ಚಾಗಿ ಕೀಳು, ಅಲ್ಪ ಎಂಬ ತಾತ್ಸಾರದ ಮಾತು. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು ಅದನ್ನೇ ಸದ್ಗುಣವಾಗಿಸಿದ. ಶಿಲುಬೆಯ ಮರಣದವರೆಗೂ ತನ್ನನ್ನು ತಗ್ಗಿಸಿಕೊಂಡ ಕ್ರಿಸ್ತನೇ ಅಲ್ಲಿ ಮಾದರಿ. ಹೀಗಿರುವಾಗ ದೀನತೆಯನ್ನು ಕೀಳರಿಮೆಯೆಂದು ಓದುವುದು ಪದಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಸದಾ ತನ್ನನ್ನು ಹಳಿದುಕೊಳ್ಳುವವನೂ ಅಹಂಕಾರಿಯಂತೆ ತನ್ನ ಧ್ಯಾನದಲ್ಲೇ ಇರುತ್ತಾನೆ. 6ನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ದೀನತೆಗೆ 12 ಮೆಟ್ಟಿಲುಗಳನ್ನು ಹೇಳಿದ್ದಾರೆ. ಪವಿತ್ರ ಗುರುವಾರ ಕೆಥೊಲಿಕ್ ಗುರುಗಳು ಭಕ್ತರ ಪಾದ ತೊಳೆಯುವುದೂ ಇದರ ಅಭ್ಯಾಸವೇ.