ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ದಿನಾ ಆಂಟಿಬಯೋಟಿಕ್ ಯಾಕೆ?

"ಕಾಯಿಲೆ ಇಲ್ಲದೆ ಆಂಟಿಬಯೋಟಿಕ್ ನುಂಗಬೇಡಿ" ಎಂಬ ಸಂದೇಶ ಮೊಬೈಲಿಗೆ ಆಗಾಗ ಬರುತ್ತಲೇ ಇರುತ್ತದೆ. ಬಹುಪಾಲು ಜನರಿಗೆ ಈ ಮಾತು ಸರಿ. ಆದರೆ ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ವಾರಗಟ್ಟಲೆ ಹೆಚ್ಚಿನ ಡೋಸ್ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ನಂಬಿ, ವೈದ್ಯರು ಬರೆದುಕೊಟ್ಟ ಕೋಟ್ರೈಮಾಕ್ಸಜೋಲ್ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಈ ಮಾತ್ರೆ ಮುಖ್ಯವಾಗಿ ತಡೆಯುವುದು ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾವನ್ನು. ಈ ಶಿಲೀಂಧ್ರ ಗಾಳಿಯ ಮೂಲಕ ಹರಡುತ್ತದೆ. ನಮ್ಮಲ್ಲಿ ಹೆಚ್ಚಿನವರ ಶ್ವಾಸಕೋಶವನ್ನು ಅದು ಬಾಲ್ಯದಲ್ಲೇ ಹೊಕ್ಕಿರುತ್ತದೆ. ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ಏನೂ ಆಗುವುದಿಲ್ಲ. ಅದು ಕುಗ್ಗಿದಾಗ ಮಾತ್ರ ಒಣಕೆಮ್ಮು, ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಗುತ್ತದೆ. ಎಚ್‌ಐವಿ ಇರುವವರಲ್ಲಿ ಇದು ವಾರಗಳ ಕಾಲ ಮೆಲ್ಲಗೆ ಏರುವುದರಿಂದ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. 1981ರ ಜೂನ್ 5ರಂದು ಅಮೆರಿಕದ ಸಿಡಿಸಿ ಪ್ರಕಟಿಸಿದ ವರದಿಯಲ್ಲಿದ್ದದ್ದು ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಇದೇ ನ್ಯುಮೋನಿಯಾ. ಏಡ್ಸ್ ಬಗ್ಗೆ ಜಗತ್ತಿಗೆ ಸಿಕ್ಕ ಮೊದಲ ಸುಳಿವು ಅದು.

ಶಿಲೀಂಧ್ರಕ್ಕೆ ಆಂಟಿಬಯೋಟಿಕ್ ಏನು ಮಾಡೀತು? ಒಳ್ಳೆಯ ಪ್ರಶ್ನೆಯೇ. ಫ್ಲುಕೊನಜೋಲ್‌ನಂಥ ಮಾಮೂಲಿ ಫಂಗಸ್ ಔಷಧಿಗಳು ಗುರಿಯಿಡುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇದರ ಹೊರಪೊರೆಯಲ್ಲಿ ಇಲ್ಲ. ಹಾಗಾಗಿ ಅವು ಕೆಲಸ ಮಾಡುವುದಿಲ್ಲ. ಆದರೆ ಇದು ತನಗೆ ಬೇಕಾದ ಫೋಲೇಟನ್ನು ತಾನೇ ತಯಾರಿಸಿಕೊಳ್ಳಬೇಕು. ಕೋಟ್ರೈಮಾಕ್ಸಜೋಲ್‌ನಲ್ಲಿರುವ ಎರಡು ಔಷಧಿಗಳು ಆ ತಯಾರಿಕೆಯನ್ನು ಎರಡು ಹಂತಗಳಲ್ಲಿ ತಡೆಯುತ್ತವೆ.

ಎಚ್‌ಐವಿ ಇರುವವರಲ್ಲಿ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 350ಕ್ಕಿಂತ ಕಡಿಮೆ ಇದ್ದರೇ ಈ ಮಾತ್ರೆ ಶುರು ಮಾಡುತ್ತಾರೆ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಇದು ಉಚಿತ. ಹಾಗೆಂದು ಜೀವನಪೂರ್ತಿ ನುಂಗಲೇಬೇಕೆಂದಿಲ್ಲ. ಎಆರ್‌ಟಿಯಿಂದ ಎಣಿಕೆ ಏರಿ ನಿಂತ ಮೇಲೆ ವೈದ್ಯರೇ ನಿಲ್ಲಿಸುತ್ತಾರೆ. ಕಿಡ್ನಿ ಕಸಿಯಾದವರಿಗೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಸಾಕು. ಇನ್ನೊಂದು ಮಾತು: ಇದು ಕ್ಷಯವನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಮಾತ್ರೆ ಇದೆ.

ಅಡ್ಡಪರಿಣಾಮದ ಭಯ ಪೂರ್ತಿ ಸುಳ್ಳೇನಲ್ಲ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೈಮೇಲೆ ದದ್ದು ಎದ್ದು, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಡ್ಯಾಪ್ಸೋನ್‌ನಂಥ ಬದಲಿ ಔಷಧಿಗಳಿವೆ. ಎಚ್‌ಐವಿ ಕುರಿತ ಅನುಮಾನಗಳಿಗೆ ಸರ್ಕಾರದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.