ನೆಟ್ಟಗಿದ್ದ ಮೊಣಕಾಲು

ಅಕ್ಕನ ಮಗ ಹುಟ್ಟಿದ್ದು 1986ರಲ್ಲಿ. ಅಂಬೆಗಾಲಿಡುವ ಹೊತ್ತಿಗೆ ಅವನ ಮೊಣಕಾಲಿನಲ್ಲಿ ಬಾವು ಕಾಣಿಸಿಕೊಂಡಿತು. ಉಳುಕಿರಬೇಕೆಂದು ಎಣ್ಣೆ ಹಚ್ಚಿ ನೀವಿದೆವು. ಅದು ಇನ್ನಷ್ಟು ಊದಿತು. ಕೊನೆಗೆ ತಿಳಿದದ್ದು ಕುಸುಮರೋಗವೆಂದು. ಡಾಕ್ಟರರ ಬಾಯಲ್ಲಿ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಇವರಲ್ಲಿ ಕಡಿಮೆ. ಗಾಯವೇ ಇಲ್ಲದೆ ಕೀಲಿನೊಳಗೆ ರಕ್ತ ಸೋರುತ್ತದೆ.

ತಾಯಿಯಿಂದ ಮಗನಿಗೆ ಬರುವ ರೋಗವೆಂದು ಗೊತ್ತಾದದ್ದೇ ತಡ, ಅಕ್ಕನ ಅತ್ತೆಯವರು "ಇದು ನಿಮ್ಮ ಮನೆತನದ ರಕ್ತ" ಎಂದುಬಿಟ್ಟರು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯಿಂದಲೂ ಇದು ಮಗನಿಗೆ ಬಂದಿತ್ತು. ಆ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು ತೀರಿಕೊಂಡ. ರಾಣಿಯನ್ನು ಯಾರೂ ಹಾಗೆ ಹಂಗಿಸಿರಲಾರರು. ಮೂರರಲ್ಲಿ ಒಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದಿಲ್ಲವೆಂದು ನಮಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

1995ರ ಡಿಸೆಂಬರಿನಲ್ಲಿ ಜಾವೇದ್ ಅಬಿದಿ ಮೊದಲಾದವರು ದೆಹಲಿಯಲ್ಲಿ ಧರಣಿ ಕೂತರು. ಅದೇ ತಿಂಗಳು ಸಂಸತ್ತು ಅಂಗವಿಕಲರ ಕಾಯಿದೆಯನ್ನು ಒಪ್ಪಿತು. ದೊಡ್ಡ ಗೆಲುವೇ ಅದು. ಆದರೆ ಕಾಯಿದೆ ಹೆಸರಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ; ಸವಲತ್ತು ಬೇಕಾದರೆ ಶೇಕಡಾ 40 ಇರಬೇಕು. ಆ ಏಳರಲ್ಲಿ ಕುಸುಮರೋಗ ಇರಲಿಲ್ಲ. ಕೀಲು ಕೆಟ್ಟು ಕಾಲು ಸೊಟ್ಟಗಾದರೆ ಚಲನವೈಕಲ್ಯದ ಲೆಕ್ಕಕ್ಕೆ ಬರಬಹುದಿತ್ತು, ಅಷ್ಟೆ.

ಅಕ್ಕ ಆ ಕಾಲನ್ನು ಹೇಗೆ ಕಾಪಾಡಿದ್ದಳೆಂದು ನಾನು ಕಂಡಿದ್ದೇನೆ. ಮಂಚದ ಅಂಚಿಗೆಲ್ಲ ಹಳೆಯ ಸೀರೆ ಸುತ್ತಿದ್ದಳು. ಬಾವು ಬಂದ ರಾತ್ರಿ ನಮ್ಮ ಬೀದಿಯ ಸೋಡಾ ಅಂಗಡಿಯವರನ್ನು ಎಬ್ಬಿಸಿ ಐಸು ತರುತ್ತಿದ್ದಳು. ಹುಡುಗ ತಿಂಗಳಲ್ಲಿ ಹತ್ತು ದಿನ ಶಾಲೆ ತಪ್ಪಿಸುತ್ತಿದ್ದ, ಉಳಿದ ದಿನ ಎಲ್ಲರಂತೆ ನಡೆಯುತ್ತಿದ್ದ.

1998ರಲ್ಲಿ ವಿದ್ಯಾರ್ಥಿವೇತನಕ್ಕೆ ಸರ್ಟಿಫಿಕೇಟು ಬೇಕಾಯಿತು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರರು ಮೊಣಕಾಲು ಮಡಚಿ, ಬಿಡಿಸಿ, ಅಳೆದರು. "ಕಾಲು ಚೆನ್ನಾಗಿದೆಯಲ್ಲಮ್ಮ, ಇದಕ್ಕೆ ನಲವತ್ತು ಬರೋಲ್ಲ." ಕೆಟ್ಟವರಲ್ಲ ಪಾಪ; ಕಾಗದದಲ್ಲಿ ಇದ್ದದ್ದನ್ನು ಹೇಳಿದರು. ಹಿಂದಿನ ವಾರ ಅದೇ ಕಾಲು ಹುಡುಗನನ್ನು ರಾತ್ರಿಯಿಡೀ ಅಳಿಸಿತ್ತು. ಅದನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಬಸ್ಸಿನಲ್ಲಿ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಚೆನ್ನಾಗಿ ನೋಡಿಕೊಂಡಿದ್ದೇ ತಪ್ಪಾಯ್ತೇನೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವಳು ದಾವಣಗೆರೆಗೆ ಹೋಗತೊಡಗಿದಳು. ಅಲ್ಲಿ ಡಾ. ಸುರೇಶ್ ಹನಗವಾಡಿಯವರು, ಸ್ವತಃ ಕುಸುಮರೋಗ ಇರುವವರು, ಕಟ್ಟಿ ಬೆಳೆಸಿದ ಹಿಮೋಫಿಲಿಯಾ ಸೊಸೈಟಿ ಇದೆ. ಮಂಚಕ್ಕೆ ಸೀರೆ ಸುತ್ತಿದ ಬೇರೆ ತಾಯಂದಿರನ್ನು ಅವಳು ಮೊದಲು ಕಂಡದ್ದು ಅಲ್ಲೇ.

2016ರ ಹೊಸ ಕಾಯಿದೆ ಏಳನ್ನು ಇಪ್ಪತ್ತೊಂದು ಮಾಡಿತು. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗಗಳು ತಮ್ಮ ಹೆಸರಿನಿಂದಲೇ ಒಳಗೆ ಬಂದವು. 2017ರ ಏಪ್ರಿಲ್ 19ರಿಂದ ಅದು ಜಾರಿಯಾಯಿತು. ಆದರೂ ಸರ್ಕಾರಿ ನೌಕರಿಯ ಶೇಕಡಾ 4ರ ಮೀಸಲಿನಲ್ಲಿ ಈ ರಕ್ತರೋಗಗಳನ್ನು ಸೇರಿಸಲಿಲ್ಲ. ಉನ್ನತ ಶಿಕ್ಷಣದ ಶೇಕಡಾ 5ರಲ್ಲಿ ಸೇರಿವೆ. ನಮ್ಮ ಹುಡುಗನಿಗೆ ಆಗಲೇ ಮೂವತ್ತೊಂದು.

ಅಷ್ಟರಲ್ಲಿ ಅವನ ಎಡಗಾಲು ಪೂರ್ತಿ ಚಾಚಲು ಬಾರದಂತಾಗಿತ್ತು. ಕಾಲಿನ ಲೆಕ್ಕದಲ್ಲೇ ಕೇಳಬಹುದಿತ್ತು. ಆದರೆ ಅರ್ಜಿಯಲ್ಲಿ ವೈಕಲ್ಯದ ಬಗೆ ಎಂದಿದ್ದ ಕಡೆ ಅಕ್ಕ ಮಗನ ಕೈಯಿಂದ ಪೆನ್ನು ತೆಗೆದುಕೊಂಡು, ದಪ್ಪ ಅಕ್ಷರದಲ್ಲಿ, "ಹಿಮೋಫಿಲಿಯಾ" ಎಂದು ತಾನೇ ಬರೆದಳು.