102 ಅಡಿ ತಂತಿ

ಎರಡನೆಯ ಮಹಾಯುದ್ಧದುದ್ದಕ್ಕೂ ಬ್ರಿಟನ್ನಿನ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರು, ಮೌನವಾಗಿರಬೇಕಾಯಿತು. 1946ರಲ್ಲಿ ಪರವಾನಗಿ ಮತ್ತೆ ಸಿಕ್ಕಿತು. ಅದೇ ವರ್ಷ ಅವರಲ್ಲೊಬ್ಬರಾದ ಲೂಯಿ ವಾರ್ನಿ ರೂಪಿಸಿದ ತಂತಿ ಆಂಟೆನಾಕ್ಕೆ ಅವರ ಕರೆಸಂಕೇತವೇ ಹೆಸರಾಯಿತು: ಜಿ5ಆರ್‌ವಿ.

ಎರಡೂ ಕಡೆಗೆ ತಲಾ 51 ಅಡಿ ತಂತಿ, ನಡುವಿನಿಂದ ಕೆಳಗಿಳಿಯುವ 34 ಅಡಿ ಜೋಡಿತಂತಿ. 14 ಮೆಗಾಹರ್ಟ್ಸ್‌ನಲ್ಲಿ ಈ 102 ಅಡಿಯಲ್ಲಿ ಮೂರು ಅರ್ಧ ಅಲೆಗಳು ಕೂರುತ್ತವೆ. ಉಳಿದ ಬ್ಯಾಂಡ್‌ಗಳಲ್ಲಿ ಅಳತೆ ಹೊಂದದೆ, ಕಳಿಸಿದ ಶಕ್ತಿಯ ಒಂದು ಪಾಲು ಹಿಂದಕ್ಕೆ ಬರುತ್ತದೆ. ಅಲ್ಲಿ ಟ್ಯೂನರ್ ಬೇಕೇ ಬೇಕು: ಒಂದು ಕಾಯಿಲ್, ತಿರುಗಿಸುವ ಕೆಪಾಸಿಟರ್‌ಗಳು. ಹಿಂದಿರುಗುವ ಶಕ್ತಿಯನ್ನು ತೋರಿಸುವ ಮೀಟರಿನ ಮುಳ್ಳು ಇಳಿಯುವವರೆಗೂ ಗುಂಡಿಗಳನ್ನು ತಾಳ್ಮೆಯಿಂದ ತಿರುಗಿಸಬೇಕು. ಟ್ಯೂನರ್ ತಂತಿಯನ್ನು ಬದಲಿಸುವುದಿಲ್ಲ. ಟ್ರಾನ್ಸ್‌ಮಿಟರಿಗೆ ಒಗ್ಗುವ ಹೊರೆಯನ್ನಷ್ಟೇ ತೋರಿಸುತ್ತದೆ.

ಈ ಆಂಟೆನಾದ ದೊಡ್ಡ ಗುಣ ಇರುವ ಜಾಗಕ್ಕೆ ಹೊಂದಿಕೊಳ್ಳುವ ಸ್ವಭಾವ. ಹಿತ್ತಿಲು ಚಿಕ್ಕದಾದರೆ ತುದಿಗಳನ್ನು ಕೆಳಕ್ಕೆ ಇಳಿಬಿಡಬಹುದು ಎಂದು ವಾರ್ನಿಯವರೇ ಹೇಳಿದ್ದರು.